ಸೋಂಕು ಇಬ್ಬರಿಗೆ, ಮಾತ್ರೆ ಒಬ್ಬರಿಗೆ: ಟ್ರೈಕೊಮೋನಿಯಾಸಿಸ್‌ನ ಒಂದು ಪ್ರಕರಣ

ಆಕೆಗೆ 36 ವರ್ಷ. ಮದುವೆಯಾಗಿ 11 ವರ್ಷ, ಇಬ್ಬರು ಮಕ್ಕಳು. ಐದು ತಿಂಗಳಿಂದ ಬಿಳಿಸೆರಗು, ತುರಿಕೆ, ಮೂತ್ರ ಮಾಡುವಾಗ ಉರಿ. ಆದರೆ ಡಾಕ್ಟರ ಮುಂದೆ ಕೂತಾಗ ಅವರ ಬಾಯಿಂದ ಮೊದಲು ಬಂದದ್ದು ಬೇರೆ ಮಾತು. "ವಾಸನೆ ಬರುತ್ತೆ ಡಾಕ್ಟ್ರೇ. ಪಕ್ಕದಲ್ಲಿ ಯಾರಾದ್ರೂ ಬಂದು ಕೂತ್ರೆ ನಾನೇ ಎದ್ದು ಹೋಗ್ತೀನಿ."

ಮೊದಲೇ ಹೇಳಿಬಿಡುತ್ತೇನೆ. ಇದು ಯಾರೋ ಒಬ್ಬರ ಫೈಲಿನಿಂದ ಎತ್ತಿಕೊಂಡದ್ದಲ್ಲ. ಈ ಕಾಯಿಲೆಯಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಬ್ಬ ಹೆಣ್ಣುಮಗಳ ಸುತ್ತ ಜೋಡಿಸಿ ಬರೆದ ಪ್ರಕರಣ. ಕಾಯಿಲೆಯ ವಿವರಗಳು ಮಾತ್ರ ಇದ್ದದ್ದು ಇದ್ದ ಹಾಗೇ ಇವೆ.

ಐದು ತಿಂಗಳು ಆಕೆ ಸುಮ್ನೆ ಕೂತಿರಲಿಲ್ಲ. ಮೊದಲ ಸಲ ತುರಿಕೆ ಎಂದಾಗ, ಫಂಗಸ್ ಇರಬೇಕು ಎಂದು ಯೋನಿಯೊಳಗೆ ಇಡುವ ಮಾತ್ರೆ ಬರೆದುಕೊಟ್ಟರು. ಆರು ದಿನ ಇಟ್ಟುಕೊಂಡರು. ಸ್ವಲ್ಪ ಹಾಯೆನಿಸಿತು. ಮುಟ್ಟು ಮುಗಿಯುವ ಹೊತ್ತಿಗೆ ಎಲ್ಲ ಮತ್ತೆ ಶುರು. ಎರಡನೇ ಸಲ ಅದೇ ಮಾತ್ರೆಯನ್ನು ತಾವೇ ಔಷಧಿ ಅಂಗಡಿಯಿಂದ ತಂದುಕೊಂಡರು. ಮೂರನೇ ಸಲ ಉರಿಮೂತ್ರ ಜಾಸ್ತಿಯಾಯಿತು. ಮೂತ್ರದ ಸೋಂಕು ಎಂದು ಆಂಟಿಬಯೋಟಿಕ್ ಕೊಟ್ಟರು. ಅದೂ ಮುಗಿಯಿತು, ಕಾಯಿಲೆ ಮುಗಿಯಲಿಲ್ಲ. ಈ ಮೂರೂ ಸಲ ಯಾರೂ ಪರೀಕ್ಷೆ ಮಾಡಿ ನೋಡಿರಲಿಲ್ಲ.

ಇದರಲ್ಲಿ ಆಕೆಯ ತಪ್ಪು ಹುಡುಕಬಾರದು. ಬಿಳಿಸೆರಗು ಹೆಚ್ಚಾಗಿ ತುರಿಕೆಯೋ ವಾಸನೆಯೋ ಬರಲು ಸಾಮಾನ್ಯವಾಗಿ ಮೂರು ಕಾರಣ. ಒಂದು ಫಂಗಸ್. ಇನ್ನೊಂದು, ಯೋನಿಯಲ್ಲಿ ಸಹಜವಾಗಿ ಇರುವ ಬ್ಯಾಕ್ಟೀರಿಯಾಗಳ ಸಮತೋಲನ ಕೆಡುವುದು. ಮೂರನೆಯದು ಟ್ರೈಕೊಮೊನಾಸ್ ಎಂಬ ಪರಾವಲಂಬಿ, ಅದರಿಂದ ಬರುವ ಕಾಯಿಲೆಯೇ ಟ್ರೈಕೊಮೋನಿಯಾಸಿಸ್. ಫಂಗಸ್ ಆದರೆ ಸ್ರಾವ ಒಡೆದ ಹಾಲಿನಂತೆ ಗಟ್ಟಿ, ಪರಾವಲಂಬಿ ಆದರೆ ಹಳದಿ ಹಸಿರು, ನೊರೆ ನೊರೆ ಎಂದು ಪುಸ್ತಕದಲ್ಲಿ ಇರುತ್ತದೆ. ನಿಜವಾದ ದೇಹಗಳು ಅಷ್ಟು ಅಚ್ಚುಕಟ್ಟಾಗಿ ನಡೆದುಕೊಳ್ಳುವುದಿಲ್ಲ. ಬರೀ ಮಾತು ಕೇಳಿ ಮೂರರಲ್ಲಿ ಯಾವುದು ಎಂದು ಹೇಳಹೊರಟರೆ ತಪ್ಪುವುದೇ ಜಾಸ್ತಿ. ಫಂಗಸ್‌ಗೆ ಕೊಡುವ ಔಷಧಿಯಿಂದ ಈ ಪರಾವಲಂಬಿ ಸಾಯುವುದಿಲ್ಲ. ಮೂತ್ರದ ಸೋಂಕಿಗೆ ಸಾಮಾನ್ಯವಾಗಿ ಕೊಡುವ ಆಂಟಿಬಯೋಟಿಕ್‌ಗಳಿಂದಲೂ ಸಾಯುವುದಿಲ್ಲ.

ಸಿಗದೆ ತಪ್ಪಿಸಿಕೊಂಡ ಸೋಂಕು

ಡಾಕ್ಟರ್ ಪರೀಕ್ಷೆ ಮಾಡಿದರು. ಯೋನಿಯ ಗೋಡೆ ಕೆಂಪಾಗಿತ್ತು. ಸ್ರಾವ ತೆಳ್ಳಗೆ, ಹಳದಿ ಬಣ್ಣ, ಅಲ್ಲಲ್ಲಿ ಸಣ್ಣ ಗುಳ್ಳೆ. ಗರ್ಭಕೋಶದ ಬಾಯಿಯ ಮೇಲೆ ಸಣ್ಣ ಕೆಂಪು ಚುಕ್ಕೆಗಳು ಕಾಣುವುದೇ ಈ ಕಾಯಿಲೆಯ ಗುರುತು ಎಂದು ವಿದ್ಯಾರ್ಥಿಗಳಿಗೆ ಕಲಿಸುತ್ತಾರೆ. ಆದರೆ ಬರಿಗಣ್ಣಿಗೆ ಅದು ಕಾಣುವುದು 100ರಲ್ಲಿ ಸುಮಾರು 2 ಜನರಲ್ಲಿ ಅಷ್ಟೇ. ಈಕೆಯಲ್ಲೂ ಕಾಣಲಿಲ್ಲ.

ಹುಳಿ ಎಷ್ಟಿದೆ ಎಂದು ತೋರಿಸುವ ಪಿಎಚ್ ಕಾಗದವನ್ನು ಸ್ರಾವಕ್ಕೆ ತಾಗಿಸಿದಾಗ ಬಣ್ಣ 6ರ ಹತ್ತಿರ ಹೋಯಿತು. ಈ ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು. ಇದು ಮುಖ್ಯ ಸುಳಿವು. ಹೆರುವ ವಯಸ್ಸಿನ ಹೆಂಗಸರ ಯೋನಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳು ಇರುತ್ತವೆ. ಅವು ಲ್ಯಾಕ್ಟಿಕ್ ಆಮ್ಲ ಮಾಡಿ ಆ ಜಾಗವನ್ನು ಹುಳಿಯಾಗಿ ಇಡುತ್ತವೆ. ಆಗ ಪಿಎಚ್ ಸುಮಾರು 3.8ರಿಂದ 4.5ರ ಒಳಗೆ ಇರುತ್ತದೆ. ಫಂಗಸ್ ಬಂದರೂ ಸಾಮಾನ್ಯವಾಗಿ ಇದು ಬದಲಾಗುವುದಿಲ್ಲ. 4.5 ದಾಟಿದೆ ಎಂದರೆ ಉಳಿದ ಎರಡು ಕಾರಣಗಳ ಕಡೆಗೆ ನೋಡಬೇಕು. ಐದು ತಿಂಗಳ ಹಿಂದೆ ಇದೊಂದು ಕಾಗದದ ಪಟ್ಟಿಯನ್ನು ತಾಗಿಸಿದ್ದರೂ ಫಂಗಸ್ ಮಾತ್ರೆಯ ಬಗ್ಗೆ ಅನುಮಾನ ಬರುತ್ತಿತ್ತು. ಇದನ್ನು ನೆನೆದಾಗಲೆಲ್ಲ ನನಗೆ ಬೇಜಾರಾಗುತ್ತದೆ.

ಸ್ರಾವದ ಒಂದು ಹನಿಯನ್ನು ಗಾಜಿನ ಸ್ಲೈಡಿಗೆ ಹಾಕಿ ಲ್ಯಾಬಿಗೆ ಕಳಿಸಿದರು. ಅಲ್ಲಿ ಅವತ್ತು ಕೆಲಸ ಜಾಸ್ತಿ. ಸ್ಲೈಡ್ ಒಂದೂವರೆ ಗಂಟೆ ಮೇಜಿನ ಮೇಲೆ ಕೂತಿತ್ತು. ವರದಿ ಹೀಗೆ ಬಂತು: ಫಂಗಸ್ ಇಲ್ಲ, ಪರಾವಲಂಬಿ ಇಲ್ಲ, ಬಿಳಿ ರಕ್ತಕಣಗಳು ತುಂಬ ಇವೆ.

ಇಲ್ಲಿಗೆ ಬಿಟ್ಟುಬಿಟ್ಟಿದ್ದರೆ ಆಕೆ ನಾಲ್ಕನೇ ಸಲವೂ ತಪ್ಪು ಮಾತ್ರೆ ಹಿಡಿದು ಮನೆಗೆ ಹೋಗುತ್ತಿದ್ದರು. ಡಾಕ್ಟರಿಗೆ ಸಮಾಧಾನ ಆಗಲಿಲ್ಲ. ಪಿಎಚ್ 6, ಅಷ್ಟೊಂದು ಬಿಳಿ ರಕ್ತಕಣ, ಆದರೂ ಏನೂ ಇಲ್ಲ ಅಂದರೆ ಹೇಗೆ? ಅವರು ಮತ್ತೊಂದು ಹನಿ ತೆಗೆದು, ಸಲೈನ್ ಬೆರೆಸಿ, ಸ್ಲೈಡನ್ನು ತಾವೇ ಕೈಯಲ್ಲಿ ಹಿಡಿದುಕೊಂಡು ಮೈಕ್ರೋಸ್ಕೋಪಿನ ಹತ್ತಿರ ಹೋದರು. ಐದು ನಿಮಿಷವೂ ಆಗಿರಲಿಲ್ಲ.

ಅಲ್ಲಿ ಅವು ಓಡಾಡುತ್ತಿದ್ದವು.

ಟ್ರೈಕೊಮೊನಾಸ್ ವಜೈನಾಲಿಸ್ ಒಂದೇ ಕೋಶದ ಜೀವಿ. ಉದ್ದ 10ರಿಂದ 20 ಮೈಕ್ರೋಮೀಟರ್, ಹೆಚ್ಚುಕಡಿಮೆ ಬಿಳಿ ರಕ್ತಕಣದಷ್ಟೇ ಗಾತ್ರ. ಮುಂದುಗಡೆ ನಾಲ್ಕು ಎಳೆಗಳಿವೆ, ಐದನೆಯದು ಮೈಗೆ ಅಂಟಿಕೊಂಡ ತೆಳು ಪೊರೆಯ ಅಂಚಿನಲ್ಲಿದೆ. ಇವುಗಳನ್ನು ಬಡಿಯುತ್ತ, ತೂರಾಡುತ್ತ, ಗಕ್ಕನೆ ತಿರುಗುತ್ತ ಅದು ಈಜುತ್ತದೆ. ಆ ಓಟವೇ ಅದರ ಗುರುತು. ಓಟ ನಿಂತರೆ ಸುತ್ತಲಿನ ಬಿಳಿ ರಕ್ತಕಣಗಳ ನಡುವೆ ಅದೂ ಒಂದು ಕಣದಂತೆ ಕಾಣುತ್ತದೆ. ದೇಹದಿಂದ ಹೊರಬಂದು ತಣ್ಣಗಾದ ಹನಿಯಲ್ಲಿ ನಿಮಿಷ ನಿಮಿಷಕ್ಕೂ ಓಟ ಕಡಿಮೆಯಾಗುತ್ತದೆ. ಲ್ಯಾಬಿನವರು ನೋಡುವ ಹೊತ್ತಿಗೆ ಅವು ಅಲ್ಲೇ ಇದ್ದವು, ಅಲುಗಾಡುತ್ತಿರಲಿಲ್ಲ ಅಷ್ಟೇ.

ಕೂಡಲೇ ನೋಡಿದರೂ ಸ್ಲೈಡ್ ಪರೀಕ್ಷೆಗೆ ಮಿತಿ ಇದೆ. ಸೋಂಕು ಇರುವ 100 ಹೆಂಗಸರಲ್ಲಿ 44ರಿಂದ 68 ಜನರಲ್ಲಿ ಮಾತ್ರ ಅದು ಸೋಂಕನ್ನು ಹಿಡಿಯುತ್ತದೆ. ಪರಾವಲಂಬಿಯ ಆನುವಂಶಿಕ ವಸ್ತುವನ್ನೇ ಹುಡುಕುವ ನ್ಯಾಟ್ ಪರೀಕ್ಷೆ ಇದಕ್ಕಿಂತ ಎಷ್ಟೋ ಮೇಲು, 100ರಲ್ಲಿ 95ಕ್ಕಿಂತ ಹೆಚ್ಚು ಹಿಡಿಯುತ್ತದೆ. ಹಾಗಾಗಿ ಸ್ಲೈಡಿನ ವರದಿಯಲ್ಲಿ "ಇಲ್ಲ" ಎಂದು ಇದ್ದರೆ ಅದನ್ನು "ಕಾಣಲಿಲ್ಲ" ಎಂದು ಓದಿಕೊಳ್ಳುವುದು ಒಳ್ಳೆಯದು. ತೊಂದರೆ ಹಾಗೇ ಇದ್ದರೆ ಇನ್ನೊಂದು ಪರೀಕ್ಷೆ ಕೇಳಬೇಕು.

ಈ ಜೀವಿಯನ್ನು ಮೊದಲು ವಿವರಿಸಿದ್ದು 1836ರಲ್ಲಿ, ಪ್ಯಾರಿಸ್‌ನ ವೈದ್ಯ ಆಲ್ಫ್ರೆಡ್ ಡೊನ್ನೆ. ಅವರೂ ಹೀಗೇ ತಾಜಾ ಸ್ರಾವವನ್ನು ಮೈಕ್ರೋಸ್ಕೋಪಿನಡಿ ಇಟ್ಟು ನೋಡಿದ್ದರು. ಆಮೇಲೂ ದಶಕಗಳ ಕಾಲ ಇದು ಯಾರಿಗೂ ಏನೂ ಮಾಡದ ಜೀವಿ ಎಂದೇ ತಿಳಿದಿದ್ದರು. ಇವತ್ತಿಗೂ ಇದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ 15ರಿಂದ 49 ವಯಸ್ಸಿನವರಲ್ಲಿ ಸುಮಾರು 15.6 ಕೋಟಿ ಹೊಸ ಟ್ರೈಕೊಮೋನಿಯಾಸಿಸ್ ಸೋಂಕುಗಳು. ಅದೇ ವರ್ಷ ಬೇರೆ ಲೈಂಗಿಕ ಸೋಂಕುಗಳಲ್ಲಿ ಕ್ಲಮೀಡಿಯಾ 12.9 ಕೋಟಿ, ಗೊನೋರಿಯಾ 8.2 ಕೋಟಿ, ಸಿಫಿಲಿಸ್ 71 ಲಕ್ಷ. ಸಿಫಿಲಿಸ್ ಹೆಸರು ಕೇಳದವರು ಕಡಿಮೆ. ಟ್ರೈಕೊಮೋನಿಯಾಸಿಸ್ ಹೆಸರು ಕೇಳಿದವರು ಎಷ್ಟು ಜನ ಇದ್ದಾರೆ?

"ಇದು ಟಾಯ್ಲೆಟ್‌ನಿಂದ ಬಂದಿರ್ಬೇಕು ಅಲ್ವಾ?"

ಕಾಯಿಲೆಯ ಹೆಸರು ಹೇಳಿದ ಕೂಡಲೇ ಆಕೆ ಕೇಳಿದ ಮೊದಲ ಪ್ರಶ್ನೆ ಇದು. ಕೇಳಿದ ದನಿಯಲ್ಲಿ ಹೌದು ಎನ್ನಿ ಎಂಬ ಬೇಡಿಕೆ ಇತ್ತು.

ಹೌದು ಎಂದುಬಿಟ್ಟರೆ ಎಲ್ಲರಿಗೂ ಸುಲಭ. ಆಕೆಗೆ ಸಮಾಧಾನ, ಮನೆಯಲ್ಲಿ ಜಗಳ ಇಲ್ಲ, ಡಾಕ್ಟರಿಗೂ ಕಷ್ಟದ ಮಾತು ತಪ್ಪಿತು. ಎಷ್ಟೋ ಕಡೆ ಈ ಸುಳ್ಳನ್ನು ಕರುಣೆಯಿಂದಲೇ ಹೇಳುತ್ತಾರೆ. ಆದರೆ ಆ ಕರುಣೆಯಿಂದ ಹೆಣ್ಣುಮಗಳಿಗೇ ನಷ್ಟ. ಟಾಯ್ಲೆಟ್‌ನಿಂದ ಬಂದದ್ದಾದರೆ ಗಂಡ ಯಾಕೆ ಮಾತ್ರೆ ತಿನ್ನಬೇಕು? ಅವರು ತಿನ್ನುವುದಿಲ್ಲ. ಆಕೆಗೆ ಮತ್ತೆ ಬರುತ್ತದೆ.

ಈ ಪರಾವಲಂಬಿಗೆ ಒಣಗುವುದು ಎಂದರೆ ಸಾವು. ಹೊಟ್ಟೆ ಕೆಡಿಸುವ ಅಮೀಬಾ ಕಷ್ಟಕಾಲದಲ್ಲಿ ತನ್ನ ಸುತ್ತ ಗಟ್ಟಿ ಚಿಪ್ಪು ಕಟ್ಟಿಕೊಂಡು ನೀರಿನಲ್ಲಿ ದಿನಗಟ್ಟಲೆ ಬದುಕಬಲ್ಲದು. ಟ್ರೈಕೊಮೊನಾಸ್‌ಗೆ ಹಾಗೆ ಚಿಪ್ಪು ಕಟ್ಟಲು ಬರುವುದಿಲ್ಲ. ಒದ್ದೆ ಬಟ್ಟೆಯಂಥ ಕಡೆ ಸ್ವಲ್ಪ ಹೊತ್ತು ಉಳಿದೀತು, ಆದರೆ ಅದು ಹರಡುವ ದಾರಿ ಅದಲ್ಲ. ಮನುಷ್ಯನ ಜನನಾಂಗ ಮತ್ತು ಮೂತ್ರನಾಳದ ಒದ್ದೆ ಪೊರೆಯೇ ಅದರ ಮನೆ. ಒಬ್ಬರಿಂದ ಒಬ್ಬರಿಗೆ ಹೋಗುವುದು ಲೈಂಗಿಕ ಸಂಪರ್ಕದಿಂದ. ಕಾಂಡೋಮ್ ಬಳಸಿದರೆ ಅಪಾಯ ತುಂಬ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಡಾಕ್ಟರ್ ನಿಧಾನವಾಗಿ ಹೇಳಿದರು. "ಟಾಯ್ಲೆಟ್‌ನಿಂದ ಬರಲ್ಲಮ್ಮ. ಇದು ಗಂಡ ಹೆಂಡತಿ ಕೂಡಿದಾಗ ಒಬ್ಬರಿಂದ ಒಬ್ಬರಿಗೆ ಹೋಗುತ್ತೆ. ಪೂರ್ತಿ ವಾಸಿ ಆಗುವ ಕಾಯಿಲೆ. ಆದ್ರೆ ನಿಮ್ಮ ಯಜಮಾನ್ರೂ ಮಾತ್ರೆ ತಗೋಬೇಕು. ಅವರನ್ನ ಕರ್ಕೊಂಡು ಬನ್ನಿ."

ಆಕೆ ತಲೆಯಾಡಿಸಿದರು. ಚೀಟಿ ಮಡಚಿ ಚೀಲಕ್ಕೆ ಹಾಕಿಕೊಂಡು ಹೋದರು.

ಏಳು ದಿನದ ಮಾತ್ರೆ

ಚೀಟಿಯಲ್ಲಿ ಇದ್ದದ್ದು ಮೆಟ್ರೋನಿಡಜೋಲ್ 500 ಮಿಲಿಗ್ರಾಂ, ಬೆಳಿಗ್ಗೆ ಒಂದು, ರಾತ್ರಿ ಒಂದು, ಏಳು ದಿನ. ಅಮೀಬಾದಿಂದ ಬರುವ ಆಮಶಂಕೆಗೂ ಕೊಡುವ ಹಳೆಯ ಔಷಧಿ ಇದು. 1950ರ ದಶಕದ ಕೊನೆಯಲ್ಲಿ ಬಂತು. ಅಲ್ಲಿಯವರೆಗೆ ಟ್ರೈಕೊಮೋನಿಯಾಸಿಸ್‌ಗೆ ಬಾಯಿಂದ ನುಂಗಿ ವಾಸಿ ಮಾಡಿಕೊಳ್ಳುವ ಮಾತ್ರೆಯೇ ಇರಲಿಲ್ಲ.

ಇದು ಕೆಲಸ ಮಾಡುವ ರೀತಿ ನನಗೆ ಪ್ರತಿ ಸಲವೂ ಬೆರಗು ಹುಟ್ಟಿಸುತ್ತದೆ. ನಮ್ಮ ಕೋಶಗಳಲ್ಲಿ ಶಕ್ತಿ ತಯಾರಿಸಲು ಮೈಟೊಕಾಂಡ್ರಿಯಾ ಇರುತ್ತವೆ. ಈ ಪರಾವಲಂಬಿಯಲ್ಲಿ ಅವುಗಳ ಬದಲು ಹೈಡ್ರೋಜನೋಸೋಮ್ ಎಂಬ ಸಣ್ಣ ಘಟಕಗಳಿವೆ. ಅವು ಆಮ್ಲಜನಕವಿಲ್ಲದೆಯೇ ಶಕ್ತಿ ಮಾಡುತ್ತವೆ, ಜೊತೆಗೆ ಹೈಡ್ರೋಜನ್ ಅನಿಲ ಬಿಡುತ್ತವೆ. ಮೆಟ್ರೋನಿಡಜೋಲ್ ಒಳಗೆ ಹೋಗುವಾಗ ವಿಷವಲ್ಲ. ಅಲ್ಲಿನ ರಾಸಾಯನಿಕ ಕ್ರಿಯೆಯೇ ಅದನ್ನು ವಿಷ ಮಾಡಿ, ಪರಾವಲಂಬಿಯ ಡಿಎನ್ಎಯನ್ನು ಒಡೆಯುತ್ತದೆ.

ಇದೇ ಔಷಧಿ ಯೋನಿಗೆ ಹಚ್ಚುವ ಜೆಲ್ ರೂಪದಲ್ಲೂ ಸಿಗುತ್ತದೆ. ಟ್ರೈಕೊಮೋನಿಯಾಸಿಸ್‌ಗೆ ಅದು ಸಾಲದು. ಪರಾವಲಂಬಿ ಮೂತ್ರನಾಳದಲ್ಲಿ, ಸುತ್ತಲಿನ ಗ್ರಂಥಿಗಳಲ್ಲಿ ಕೂಡ ಅಡಗಿರುತ್ತದೆ. ಜೆಲ್ ಅಲ್ಲಿಗೆಲ್ಲ ಮುಟ್ಟುವುದಿಲ್ಲ, ನುಂಗಿದ ಮಾತ್ರೆ ರಕ್ತದ ಮೂಲಕ ಮುಟ್ಟುತ್ತದೆ.

ಒಂದೇ ಸಲಕ್ಕೆ 2 ಗ್ರಾಂ ನುಂಗಿ ಮುಗಿಸುವ ಕ್ರಮ ಬಹಳ ವರ್ಷ ಚಾಲ್ತಿಯಲ್ಲಿತ್ತು. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ 623 ಹೆಂಗಸರಲ್ಲಿ ಎರಡೂ ಕ್ರಮಗಳನ್ನು ಹೋಲಿಸಿ ನೋಡಿತು. ನಾಲ್ಕು ವಾರದ ನಂತರ ಪರೀಕ್ಷಿಸಿದಾಗ, ಒಂದೇ ಡೋಸ್ ತೆಗೆದುಕೊಂಡವರಲ್ಲಿ ಶೇ 19 ಮಂದಿಗೆ ಸೋಂಕು ಇತ್ತು. ಏಳು ದಿನ ತೆಗೆದುಕೊಂಡವರಲ್ಲಿ ಶೇ 11. ಹೆಂಗಸರಿಗೆ ಈಗ ಏಳು ದಿನದ ಕ್ರಮವನ್ನೇ ಮೊದಲು ಸೂಚಿಸುವುದು ಇದಕ್ಕಾಗಿ.

ಮೂರನೇ ದಿನಕ್ಕೇ ಆಕೆಗೆ ತುರಿಕೆ ನಿಂತಿತು. ಬಾಯಲ್ಲಿ ಕಬ್ಬಿಣ ನೆಕ್ಕಿದಂಥ ರುಚಿ, ಹೊಟ್ಟೆ ತೊಳೆಸುವುದು. ಬಿಟ್ಟುಬಿಡೋಣ ಅನ್ನಿಸಿತಂತೆ. ಬಿಡಲಿಲ್ಲ, ಏಳೂ ದಿನ ಮುಗಿಸಿದರು. ಐದು ತಿಂಗಳಲ್ಲಿ ಮೊದಲ ಸಲ ನಿರಾಳವಾಗಿ ನಿದ್ದೆ ಮಾಡಿದೆ ಎಂದು ಆಮೇಲೆ ಹೇಳಿದರು.

ಆರು ವಾರ ಕಳೆಯಿತು. ಆಕೆ ಮತ್ತೆ ಬಂದು ಅದೇ ಕುರ್ಚಿಯಲ್ಲಿ ಕೂತರು. ಅದೇ ಸ್ರಾವ, ಅದೇ ವಾಸನೆ. ಸ್ಲೈಡಿನಲ್ಲಿ ಅದೇ ಓಟ.

ಇಂಥ ಹೊತ್ತಿನಲ್ಲಿ ಔಷಧಿಗೆ ಬಗ್ಗದ ಪರಾವಲಂಬಿ ಇರಬಹುದು ಎಂದು ಯೋಚನೆ ಬರುತ್ತದೆ. ಮೆಟ್ರೋನಿಡಜೋಲ್‌ಗೆ ಪ್ರತಿರೋಧ ಇರುವ ಟ್ರೈಕೊಮೊನಾಸ್ ಇದೆ, ಸುಳ್ಳಲ್ಲ. ಆಗ ಹೆಚ್ಚು ಪ್ರಮಾಣದಲ್ಲಿ, ಹೆಚ್ಚು ದಿನ ಮೆಟ್ರೋನಿಡಜೋಲ್ ಅಥವಾ ಅದೇ ಗುಂಪಿನ ಟಿನಿಡಜೋಲ್ ಕೊಡಬೇಕಾಗುತ್ತದೆ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಸಾದಾ ಪ್ರಶ್ನೆ ಬೇರೆ ಇದೆ. ಡಾಕ್ಟರ್ ಅದನ್ನೇ ಕೇಳಿದರು. "ಯಜಮಾನ್ರು ಮಾತ್ರೆ ತಗೊಂಡ್ರಾ?"

ಆಕೆ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು. "ಅವ್ರಿಗೆ ಏನೂ ತೊಂದ್ರೆ ಇಲ್ಲ ಡಾಕ್ಟ್ರೇ. ಚೆನ್ನಾಗೇ ಇದ್ದಾರೆ. ನಂಗೆ ಮಾತ್ರೆ ಯಾಕೆ ಅಂತ ಕೇಳಿದ್ರೆ ನಾನೇನ್ ಹೇಳ್ಲಿ?"

ಹೇಳಲಾಗದ ಮಾತು

ಈ ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸುವುದು ಆಕೆಯ ಈ ಮಾತು. ಔಷಧಿ ಇದೆ, ಅಗ್ಗದ್ದು, ಕೆಲಸ ಮಾಡುತ್ತದೆ. ಆದರೆ ಒಂದು ಮನೆಯ ಎರಡನೇ ವ್ಯಕ್ತಿಯನ್ನು ಅದು ಮುಟ್ಟಬೇಕಾದರೆ ಹೆಂಡತಿ ಒಂದು ವಾಕ್ಯ ಹೇಳಬೇಕು. ಆ ವಾಕ್ಯ ಏನು ಎಂದು ಯಾರೂ ಆಕೆಗೆ ಹೇಳಿಕೊಟ್ಟಿರಲಿಲ್ಲ. "ಕರ್ಕೊಂಡು ಬನ್ನಿ" ಎಂದಷ್ಟೇ ಹೇಳಿ ಕಳಿಸಿದ್ದರು. ಡಾಕ್ಟರ್ ಅದನ್ನು ಒಪ್ಪಿಕೊಂಡರು. "ಅವತ್ತೇ ನಾನು ಇನ್ನೂ ಸ್ವಲ್ಪ ಹೊತ್ತು ಮಾತಾಡಬೇಕಿತ್ತು" ಎಂದರು.

ಮೊದಲು ಅವರು ಒಂದು ವಿಷಯ ಕೇಳಿ ಖಚಿತ ಮಾಡಿಕೊಂಡರು. ಹೇಳಿದರೆ ಗಂಡ ಹೊಡೆಯುತ್ತಾರಾ, ಮನೆಯಿಂದ ಆಚೆ ಹಾಕುತ್ತಾರಾ ಎಂದು ನೇರವಾಗಿಯೇ ಕೇಳಿದರು. ಇದನ್ನು ಕೇಳದೆ ಹೆಂಗಸರನ್ನು ಗಂಡನ ಮುಂದೆ ನಿಲ್ಲಿಸಬಾರದು. ಆಕೆ ಇಲ್ಲ ಎಂದರು. ಕೋಪ ಬರುತ್ತೆ, ಮಾತು ಬಿಡ್ತಾರೆ, ಅಷ್ಟೇ. "ಹಾಗಿದ್ರೆ ನೀವು ಏನೂ ವಿವರಿಸಬೇಡಿ. ಇಬ್ಬರೂ ಬರಬೇಕಂತೆ ಅಂತ ನನ್ನ ಹೆಸರು ಹೇಳಿ ಕರ್ಕೊಂಡು ಬನ್ನಿ. ಉಳಿದಿದ್ದು ನಾನು ಹೇಳ್ತೀನಿ."

ಗಂಡ ಬಂದರು. ಕೇಳಿಸಿಕೊಂಡರು. ಮುಖ ಬಿಗಿಯಿತು. "ಅಂದ್ರೆ ಇದು ಇವಳಿಗೆ ಎಲ್ಲಿಂದ ಬಂತು?"

"ಪರೀಕ್ಷೆ ಇವತ್ತು ಸೋಂಕು ಇದೆ ಅಂತ ಮಾತ್ರ ಹೇಳುತ್ತೆ" ಎಂದರು ಡಾಕ್ಟರ್. "ಯಾವಾಗ ಬಂತು, ಯಾರಿಂದ ಯಾರಿಗೆ ಹೋಯ್ತು ಅಂತ ಹೇಳೋ ಪರೀಕ್ಷೆ ಇಲ್ಲ. ಇವರಿಂದ ನಿಮಗೆ ಬಂದಿರಬಹುದು, ನಿಮ್ಮಿಂದ ಇವರಿಗೂ ಬಂದಿರಬಹುದು. ಇದು ಸದ್ದಿಲ್ಲದೆ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಇರುತ್ತೆ."

ಅವರು ಹೇಳಿದ್ದರಲ್ಲಿ ಸಮಾಧಾನಕ್ಕಾಗಿ ಸೇರಿಸಿದ್ದು ಏನೂ ಇರಲಿಲ್ಲ. ಈ ಸೋಂಕು ಇರುವವರಲ್ಲಿ 100ಕ್ಕೆ 70ರಿಂದ 85 ಜನರಿಗೆ ಲಕ್ಷಣಗಳೇ ಇರುವುದಿಲ್ಲ, ಇದ್ದರೂ ತೀರ ಕಡಿಮೆ. ಲಕ್ಷಣ ಬರುವವರಿಗೆ ಸಾಮಾನ್ಯವಾಗಿ 5ರಿಂದ 28 ದಿನದಲ್ಲಿ ಬರುತ್ತದೆ, ಆದರೆ ಎಷ್ಟೋ ಕಾಲ ಸುಮ್ಮನಿದ್ದು ಆಮೇಲೆ ಕಾಣಿಸಿಕೊಳ್ಳುವುದೂ ಉಂಟು. ಗಂಡಸರಲ್ಲಿ ಪರಾವಲಂಬಿ ಮೂತ್ರನಾಳದಲ್ಲಿ, ಕೆಲವೊಮ್ಮೆ ಪ್ರಾಸ್ಟೇಟ್ ಗ್ರಂಥಿಯಲ್ಲಿ ಇರುತ್ತದೆ. ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಕೆಲವರಿಗೆ ಮೂತ್ರ ಮಾಡುವಾಗ ಅಥವಾ ವೀರ್ಯ ಹೋಗುವಾಗ ಸ್ವಲ್ಪ ಉರಿ, ಸ್ವಲ್ಪ ಸ್ರಾವ. ಕೆಲವು ಗಂಡಸರಲ್ಲಿ ತಾನಾಗೇ ಹೋಗಿಬಿಡುವುದೂ ಇದೆ. ಹೀಗಿರುವಾಗ ತೊಂದರೆ ಮೊದಲು ಯಾರಿಗೆ ಕಾಣಿಸಿತು ಎನ್ನುವುದರಿಂದ ಸೋಂಕು ಮೊದಲು ಯಾರಿಗೆ ಬಂತು ಎಂದು ಹೇಳಲು ಆಗುವುದೇ ಇಲ್ಲ. ಆಸ್ಪತ್ರೆಗೆ ಮೊದಲು ಬಂದದ್ದು ಆಕೆ, ಏಕೆಂದರೆ ನೋವು ಆಕೆಗೆ. ಮೊದಲು ಬಂದವರ ಮೇಲೆ ಅನುಮಾನ ಬೀಳುವುದು ನನಗೆ ತುಂಬ ಅನ್ಯಾಯ ಅನ್ನಿಸುತ್ತದೆ.

ಗಂಡ ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದರು. ನನಗೆ ಏನೂ ಇಲ್ಲ, ಪರೀಕ್ಷೆ ಮಾಡಿ ಇದ್ದರೆ ಮಾತ್ರ ತಗೊಳ್ತೀನಿ, ಆಗಲ್ವಾ? ಕೇಳಿದ್ದು ನ್ಯಾಯವೇ. ಆದರೆ ಗಂಡಸರಲ್ಲಿ ಸ್ಲೈಡಿನಲ್ಲಿ ಇದು ಸಿಗುವುದು ಇನ್ನೂ ಕಷ್ಟ. ಹೆಂಡತಿಗೆ ಸೋಂಕು ಖಚಿತವಾದ ಮೇಲೆ ಗಂಡನ ವರದಿಗಾಗಿ ಕಾಯದೆ ಚಿಕಿತ್ಸೆ ಕೊಡುವುದೇ ಸರಿಯಾದ ಕ್ರಮ. ಅವರು ಒಪ್ಪಿದರು. ಅವರಿಗೆ 2 ಗ್ರಾಂ ಒಂದೇ ಸಲ, ಅಂದರೆ 500 ಮಿಲಿಗ್ರಾಂನ ನಾಲ್ಕು ಮಾತ್ರೆ. ಆಕೆಗೆ ಮತ್ತೆ ಏಳು ದಿನ. ಇಬ್ಬರ ಚಿಕಿತ್ಸೆಯೂ ಮುಗಿದು, ಕೊನೆಯ ಪಕ್ಷ ಒಂದು ವಾರ ಕಳೆದು, ತೊಂದರೆಗಳೆಲ್ಲ ಹೋಗುವವರೆಗೆ ಕೂಡುವಂತಿಲ್ಲ. ಒಂದು ಸಲ ಬಂದು ಹೋದರೆ ಮತ್ತೆ ಬರುವುದಿಲ್ಲ ಎನ್ನುವಂತೆಯೂ ಇಲ್ಲ. ಈ ಸೋಂಕಿಗೆ ದೇಹದಲ್ಲಿ ರಕ್ಷಣೆ ಉಳಿಯುವುದಿಲ್ಲ, ಲಸಿಕೆಯೂ ಇಲ್ಲ. ಚಿಕಿತ್ಸೆ ಪಡೆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮೂರು ತಿಂಗಳೊಳಗೆ ಮತ್ತೆ ತಗುಲುತ್ತದೆ.

ಇಬ್ಬರ ರಕ್ತವನ್ನೂ ಎಚ್‌ಐವಿ ಮತ್ತು ಸಿಫಿಲಿಸ್‌ಗಾಗಿ ಪರೀಕ್ಷಿಸಿದರು, ಕ್ಲಮೀಡಿಯಾ ಮತ್ತು ಗೊನೋರಿಯಾ ಕೂಡ ನೋಡಿದರು. ಒಂದು ಬಂದ ದಾರಿಯಲ್ಲೇ ಇನ್ನೊಂದೂ ಬಂದಿರಬಹುದು. ಅಲ್ಲದೆ ಟ್ರೈಕೊಮೋನಿಯಾಸಿಸ್ ಇರುವ ಹೆಂಗಸರಿಗೆ ಎಚ್‌ಐವಿ ತಗುಲುವ ಅಪಾಯ ಸುಮಾರು ಒಂದೂವರೆ ಪಟ್ಟು. ಕೆರಳಿದ ಪೊರೆಯಲ್ಲಿ ವೈರಸ್‌ಗೆ ಒಳಗೆ ಹೋಗುವುದು ಸುಲಭ. ಎಲ್ಲ ವರದಿಗಳೂ ಇಲ್ಲ ಎಂದೇ ಬಂದವು. ಆಕೆ ಗರ್ಭಿಣಿಯಾಗಿದ್ದಿದ್ದರೆ ಇನ್ನೊಂದು ಚಿಂತೆಯೂ ಇರುತ್ತಿತ್ತು. ಈ ಸೋಂಕಿಗೂ ದಿನ ತುಂಬುವ ಮೊದಲೇ ಆಗುವ ಹೆರಿಗೆಗೂ, ಕಡಿಮೆ ತೂಕದ ಮಗುವಿಗೂ ನಂಟಿದೆ. ಗರ್ಭಿಣಿಯರಿಗೂ ಡಾಕ್ಟರ ಸಲಹೆಯಂತೆ ಮೆಟ್ರೋನಿಡಜೋಲ್ ಕೊಡಬಹುದು.

ಮೂರು ತಿಂಗಳ ನಂತರ

ಗುಣವಾಗಿದೆಯೇ ಎಂದು ನ್ಯಾಟ್ ಮಾಡಿ ನೋಡಲು ಅವಸರ ಮಾಡಬಾರದು. ಮೂರು ವಾರಕ್ಕೂ ಮೊದಲೇ ಮಾಡಿದರೆ ಸತ್ತ ಪರಾವಲಂಬಿಯ ಚೂರುಗಳನ್ನೇ ಹಿಡಿದು ಸೋಂಕು ಇದೆ ಎಂದು ವರದಿ ಬರಬಹುದು. ಆಕೆಯನ್ನು ಮೂರು ತಿಂಗಳಿಗೆ ಕರೆದರು. ತೊಂದರೆ ಇಲ್ಲದಿದ್ದರೂ ಬನ್ನಿ ಎಂದು ಒತ್ತಿ ಹೇಳಿದ್ದರು. ಬಂದರು. ಪಿಎಚ್ 4.2. ನ್ಯಾಟ್‌ನಲ್ಲೂ ಸೋಂಕು ಇರಲಿಲ್ಲ.

ಗಂಡನ ಜೊತೆ ಹೇಗಿದ್ದೀರಿ ಎಂದು ಕೇಳಿದಾಗ, ಎರಡು ವಾರ ಸರಿಯಾಗಿ ಮಾತಾಡಲಿಲ್ಲ, ಈಗ ಪರವಾಗಿಲ್ಲ ಎಂದರು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಡಾಕ್ಟರೂ ಕೆದಕಲಿಲ್ಲ.

ಎದ್ದು ಹೊರಟವರು ಬಾಗಿಲ ಹತ್ತಿರ ನಿಂತರು.

"ನನ್ನ ತಂಗಿಗೂ ಹೀಗೇ ಆಗ್ತಿದೆ ಡಾಕ್ಟ್ರೇ. ಎರಡು ಸಲ ಕ್ರೀಮ್ ಹಚ್ಚಿದಾಳೆ, ಹೋಗಿಲ್ಲ. ನನ್ನ ಚೀಟಿನೇ ಅವಳಿಗೆ ಕೊಡ್ಲಾ?"

"ಬೇಡಮ್ಮ. ಅವಳಿಗೂ ಇದೇ ಇದೆ ಅಂತ ನಮಗಿನ್ನೂ ಗೊತ್ತಿಲ್ಲ. ಫಂಗಸ್ಸೇ ಇರಬಹುದು, ಬೇರೆ ಏನೋ ಇರಬಹುದು. ಬೆಳಿಗ್ಗೆ ಹೊತ್ತು ಕರ್ಕೊಂಡು ಬನ್ನಿ. ಆಗ ಲ್ಯಾಬಲ್ಲಿ ರಶ್ ಕಡಿಮೆ, ಸ್ಲೈಡ್ ಕೂಡ್ಲೇ ನೋಡ್ತಾರೆ."